ರಾಜಕಾಲುವೆಗೂ ಬೇಕು ಒಂದು ಪಹಣಿ

ಬೆಂಗಳೂರಿನ ರಾಜಕಾಲುವೆಗಳ ಉದ್ದ ಎಷ್ಟು ಎಂದು ಕೇಳಿದರೆ ಉತ್ತರ ಸಿಗುತ್ತದೆ. ಅಗಲ ಎಷ್ಟು, ತಳ ಯಾವ ಮಟ್ಟದಲ್ಲಿದೆ, ಯಾವ ಸರ್ವೆ ನಂಬರಿನ ಮೇಲೆ ಹರಿಯುತ್ತದೆ, ಎಲ್ಲಿ ಕಟ್ಟಿಕೊಂಡಿದೆ ಎಂದು ಕೇಳಿದರೆ ಕಡತಗಳು ಒಂದೊಂದು ಮಾತು ಹೇಳುತ್ತವೆ. ಮುಂಗಾರು ಬಾಗಿಲಿಗೆ ಬಂದಿದೆ. ನೀರಿನ ದಾರಿಯ ಲೆಕ್ಕವನ್ನು ಸರಿಯಾಗಿ ಬರೆದಿಡುವ ಕೆಲಸ ಇನ್ನೂ ಬಾಕಿ ಇದೆ.

ಗೋಡೆಯ ಮೇಲೆ ಬಣ್ಣದಲ್ಲಿ ಎಳೆದ ಒಂದು ಗೆರೆ. ಗೆರೆಯ ಈಚೆಗಿನ ಕೋಣೆ ಉಳಿಯುತ್ತದೆ, ಆಚೆಗಿನದು ಹೋಗುತ್ತದೆ. ಬೀದಿಯ ತುದಿಯಲ್ಲಿ ಜೆಸಿಬಿ ಸದ್ದು. ಮಂಚ, ಬೀರು, ದೇವರ ಪಟ, ಗ್ಯಾಸ್ ಸಿಲಿಂಡರ್ ಒಂದೊಂದಾಗಿ ಅಂಗಳಕ್ಕೆ ಬರುತ್ತಿವೆ.

ಮನೆಯವರ ಕೈಯಲ್ಲಿ ಕಾಗದದ ಕಟ್ಟು: ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಬ್ಯಾಂಕ್ ಸಾಲದ ಪತ್ರ. ಭೂಮಾಪಕರ ಕೈಯಲ್ಲಿ ಹಳೆಯ ಗ್ರಾಮ ನಕ್ಷೆ.

2016ರ ಆಗಸ್ಟ್ ತಿಂಗಳು, ಬೊಮ್ಮನಹಳ್ಳಿ ವಲಯದ ಅವನಿ ಶೃಂಗೇರಿ ನಗರ. ಜುಲೈ ಕೊನೆಯ ಮಳೆಗೆ ಕೋಡಿಚಿಕ್ಕನಹಳ್ಳಿ ಸುತ್ತಮುತ್ತಲಿನ ಬಡಾವಣೆಗಳು ಮುಳುಗಿದ್ದವು. ಬೀದಿಯಲ್ಲಿ ದೋಣಿ ಓಡಿತ್ತು, ಕೆರೆಯಿಂದ ಹರಿದು ಬಂದ ಮೀನನ್ನು ಜನ ರಸ್ತೆಯಲ್ಲೇ ಹಿಡಿದಿದ್ದರು. ಅದರ ಬೆನ್ನಿಗೇ ಬಿಬಿಎಂಪಿ ರಾಜಕಾಲುವೆ ಒತ್ತುವರಿ ತೆರವಿಗೆ ಇಳಿಯಿತು. ಮಂಜೂರಾದ ನಕ್ಷೆ ಇದೆ ಎಂದು ಮನೆಯವರು ಅತ್ತರು. ನಕ್ಷೆಯಲ್ಲಿ ಇಲ್ಲಿ ಕಾಲುವೆ ಇದೆ ಎಂದು ಅಧಿಕಾರಿಗಳು ಹೇಳಿದರು.

ಇಬ್ಬರ ಕೈಯಲ್ಲೂ ಇದ್ದದ್ದು ಸರ್ಕಾರದ್ದೇ ದಾಖಲೆ. ಒಂದು ಇಲಾಖೆ ಕಾಲುವೆ ಎಂದು ಗುರುತಿಸಿದ ಜಾಗಕ್ಕೆ ಇನ್ನೊಂದು ಕಚೇರಿ ಮನೆಯ ಖಾತೆ ಕೊಟ್ಟಿತ್ತು. ಆ ತೆರವು ಕಾರ್ಯಾಚರಣೆಗೆ 2026ರ ಆಗಸ್ಟ್‌ಗೆ ಹತ್ತು ವರ್ಷ ತುಂಬುತ್ತದೆ. ಎರಡು ಕಾಗದಗಳನ್ನು ಒಂದೇ ಮೇಜಿನ ಮೇಲಿಟ್ಟು ಹೊಂದಿಸುವ ಕೆಲಸ ಮಾತ್ರ ಅಂದಿನಿಂದ ಇಂದಿನವರೆಗೆ ಕುಂಟುತ್ತಲೇ ಇದೆ.

ಒಂದು ಮಿಲಿಮೀಟರ್ ಶಾಯಿ, ಎಂಟು ಮೀಟರ್ ನೆಲ

ಗ್ರಾಮ ನಕ್ಷೆಯನ್ನು ಕಡೆಗಣಿಸುವಂತಿಲ್ಲ. ಬೆಂಗಳೂರಿನ ಕಾಲುವೆಗಳಿಗೆ ಕಾನೂನಿನ ಮುಂದೆ ನಿಲ್ಲುವ ಹುಟ್ಟಿನ ದಾಖಲೆ ಅದು. ಇಂದು ಅಪಾರ್ಟ್‌ಮೆಂಟ್ ನಿಂತಿರುವ ಕಡೆ ಅದರಲ್ಲಿ ಗದ್ದೆ, ತೋಟ, ಕೆರೆಯ ಏರಿ, ಹಳ್ಳ, ಕಾಲುವೆ ಕಾಣುತ್ತವೆ. ಯಾವ ಖಾಸಗಿ ಹಿಡುವಳಿಗೂ ಸೇರದ, ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಇಂಥ ಜಾಗವನ್ನು ಕಂದಾಯ ಇಲಾಖೆ 'ಬಿ' ಖರಾಬು ಎಂದು ಬರೆದಿಟ್ಟಿದೆ.

ಆದರೆ ಆ ನಕ್ಷೆ ತಯಾರಾದದ್ದು ಹೊಲದ ಕಂದಾಯ ನಿಗದಿ ಮಾಡಲು. ಅಳತೆ ಸರಪಳಿಯದ್ದು. ನಮ್ಮ ಭೂಮಾಪಕರ ಸರಪಳಿಗೆ 33 ಅಡಿ, ಅದರಲ್ಲಿ ಹದಿನಾರನೇ ಒಂದು ಭಾಗಕ್ಕೆ ಒಂದು ಆಣೆ. ಸರಪಳಿ ಉದ್ದ, ಸರಪಳಿ ಅಗಲದ ಚೌಕವೇ ಒಂದು ಗುಂಟೆ. ಹೊಲದ ಬದು ಹಿಡಿಯಲು ಈ ಲೆಕ್ಕ ಧಾರಾಳವಾಗಿ ಸಾಕಿತ್ತು.

ನಕ್ಷೆಯ ಪ್ರಮಾಣ ಒಂದು ಮೈಲಿಗೆ ಎಂಟು ಇಂಚು, ಅಂದರೆ 1:7920. ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು ಎಂಟು ಮೀಟರ್ ಆಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಶಾಯಿಯ ಗೆರೆ ನಾಲ್ಕು ಮೀಟರ್ ಜಾಗ ನುಂಗುತ್ತದೆ. ಮೂವತ್ತು–ನಲವತ್ತರ ಸೈಟಿನಲ್ಲಿ ನಾಲ್ಕು ಮೀಟರ್ ಎಂದರೆ ಅಡುಗೆಮನೆ ಮತ್ತು ಒಂದು ಮಲಗುವ ಕೋಣೆ.

ಹಾಗಾಗಿಯೇ ಪಳಗಿದ ಭೂಮಾಪಕರು ಗ್ರಾಮ ನಕ್ಷೆಯೊಂದನ್ನೇ ನೆಚ್ಚಿಕೊಂಡು ಗೆರೆ ಎಳೆಯುವುದಿಲ್ಲ. ಆ ಸರ್ವೆ ನಂಬರಿನ ಟಿಪ್ಪಣಿ (ಮೂಲ ಅಳತೆಯ ಹಾಳೆ) ತೆಗೆಸುತ್ತಾರೆ, ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ವಹಿ) ನೋಡುತ್ತಾರೆ, ನೆಲದಲ್ಲಿ ಉಳಿದಿರುವ ಗಡಿಕಲ್ಲು ಹುಡುಕುತ್ತಾರೆ, ಅಲ್ಲಿಂದ ಸರಪಳಿ ಲೆಕ್ಕ ಹಿಡಿದು ಬರುತ್ತಾರೆ. ಒಂದು ಕಾಲುವೆಯ ಒಂದೇ ತುಂಡಿಗೆ ಇಷ್ಟು ಕೆಲಸ ಬೇಕು. ಪ್ರವಾಹ ಬಂದ ವಾರದಲ್ಲಿ, ಟಿವಿ ಕ್ಯಾಮೆರಾಗಳ ಎದುರಿಗೆ, ಜೆಸಿಬಿಯ ಚಾಲಕ ಎಂಜಿನ್ ಆರಿಸದೆ ಕಾಯುತ್ತಿರುವಾಗ ಅದು ಆಗುವಂಥದ್ದಲ್ಲ. ಮಳೆ ಇಲ್ಲದ ತಿಂಗಳುಗಳಲ್ಲಿ, ಒಂದು ಕಣಿವೆಯ ನೆತ್ತಿಯಿಂದ ಬುಡದವರೆಗೆ ನಡೆದು ಮಾಡಬೇಕಾದ ಕೆಲಸ ಅದು.

ನೀರು ಇಳಿಯುವ ದಾರಿ

ಬೆಂಗಳೂರಿಗೆ ದೊಡ್ಡ ನದಿ ಇಲ್ಲ ಎನ್ನುವುದು ಎಲ್ಲರೂ ಹೇಳುವ ಮಾತು. ಇರುವುದು ದಿಣ್ಣೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ದಿಣ್ಣೆಯ ಬೆನ್ನಿನ ಮೇಲೆ ಬಿದ್ದ ಹನಿ ಪೂರ್ವಕ್ಕೋ ಪಶ್ಚಿಮಕ್ಕೋ ಇಳಿಯಲೇಬೇಕು. ಇಳಿಯುವ ನೀರನ್ನು ಹಿಂದಿನವರು ತಗ್ಗು ತಗ್ಗಿನಲ್ಲಿ ಏರಿ ಹಾಕಿ ತಡೆದರು. ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಹೋಗಬೇಕು. ಅಲ್ಲಿ ತುಂಬಿದರೆ ಅದರ ಕೆಳಗಿನದಕ್ಕೆ. ಅಗರದಲ್ಲಿ ಸಿಕ್ಕಿರುವ 9ನೇ ಶತಮಾನದ ಶಾಸನ ಕೆರೆಗಳಿಗೆ ತೂಬು ಮಾಡಿಸಿದ್ದನ್ನು ಹೇಳುತ್ತದೆ. ಈ ಏರ್ಪಾಟು ಅಷ್ಟು ಹಳೆಯದು.

ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಯಾವ ತೂಬು ಯಾವಾಗ ಎತ್ತಬೇಕು, ಯಾವ ಕಾಲುವೆಯಲ್ಲಿ ಎಲ್ಲಿ ಹೂಳು ನಿಲ್ಲುತ್ತದೆ, ಕೋಡಿ ಬಿದ್ದರೆ ನೀರು ಯಾರ ಗದ್ದೆಯ ಬದಿಯಲ್ಲಿ ಹೋಗುತ್ತದೆ ಎಂಬ ಪೂರ್ತಿ ಪಟ್ಟಿ ಅವನ ತಲೆಯಲ್ಲಿತ್ತು. ಗದ್ದೆಗಳು ಲೇಔಟ್ ಆದಾಗ ನೀರುಗಂಟಿಗೆ ಕೆಲಸ ಉಳಿಯಲಿಲ್ಲ. ಅವನ ತಲೆಯಲ್ಲಿದ್ದುದನ್ನು ಯಾವ ಎಂಜಿನಿಯರೂ ಕೂತು ಬರೆದುಕೊಳ್ಳಲಿಲ್ಲ. ನಗರ ಕಳೆದುಕೊಂಡ ಮೊದಲ ದಾಖಲೆ ಅದು ಎಂದೇ ನನ್ನ ಎಣಿಕೆ.

ಆಮೇಲೆ ಕೆರೆಗಳೇ ಹೋದವು. ಧರ್ಮಾಂಬುಧಿ ಕೆರೆಯ ಅಂಗಳ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು; ಕರಗದ ವಿಧಿಗಳಿಗೆಂದು ಒಂದು ಪುಟ್ಟ ಕೊಳ ಉಳಿದಿದೆ. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಆಡುತ್ತಾರೆ, ಶೂಲೆ ಕೆರೆಯಲ್ಲಿ ಫುಟ್‌ಬಾಲ್. ಕೋರಮಂಗಲದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮ ಎದ್ದದ್ದೂ ಕೆರೆಯ ಅಂಗಳದಲ್ಲೇ. ಕೆರೆ ಹೋದರೂ ಅದಕ್ಕೆ ಬರುತ್ತಿದ್ದ ನೀರು ನಿಲ್ಲಲಿಲ್ಲ. ತಡೆದು ಹಿಡಿಯುವ ಅಂಗಳವಿಲ್ಲದೆ ಆ ನೀರೆಲ್ಲ ಒಟ್ಟಿಗೇ ಕಾಲುವೆಗೆ ನುಗ್ಗತೊಡಗಿತು. ಅದೇ ವೇಳೆಗೆ ಕಾಲುವೆಯನ್ನು ಎರಡೂ ಕಡೆಯಿಂದ ಒತ್ತುತ್ತಾ ಬರಲಾಯಿತು.

---
ಮೂರು ಕಣಿವೆ, ಎರಡು ನದಿ

ಬೆಂಗಳೂರಿನ ಮಳೆನೀರು ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಹೆಬ್ಬಾಳ ಕಣಿವೆಯ ನೀರೂ ಅದೇ ನದಿಗೆ. ಪಶ್ಚಿಮದ ವೃಷಭಾವತಿ ಕಣಿವೆಯದ್ದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಪಾಲಿಕೆಯ ಕಡತದಲ್ಲಿ ಕಾಲುವೆಗಳಿಗೆ ಕಣಿವೆಯ ಮೊದಲ ಅಕ್ಷರ ಮತ್ತು ಒಂದು ಸಂಖ್ಯೆ ಇದೆ. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನತ್ತ ಹೋಗುವ ಕಾಲುವೆಯ ಹೆಸರು ಕೆ–100. ಅದರ ದಂಡೆಯನ್ನು ನಡಿಗೆ ಹಾದಿಯಾಗಿ ರೂಪಿಸುವ ಯೋಜನೆಯಿಂದ ಈ ಸಂಖ್ಯೆ ಜನರ ಬಾಯಿಗೂ ಬಂದಿದೆ.

---

ಹುಬ್ಬೆ ಮಳೆಯ ರಾತ್ರಿ

2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದದ್ದು ಹುಬ್ಬೆ ಮಳೆ. ಬೆಳಗಿನ ಹೊತ್ತಿಗೆ ಹವಾಮಾನ ಇಲಾಖೆಯ ನಗರ ವೀಕ್ಷಣಾಲಯದಲ್ಲಿ 131.6 ಮಿಲಿಮೀಟರ್ ದಾಖಲಾಗಿತ್ತು. ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ, ಯಮಲೂರು ನೀರಿನಲ್ಲಿ ನಿಂತಿದ್ದವು. ಸಾಫ್ಟ್‌ವೇರ್ ಉದ್ಯೋಗಿಗಳು ಲ್ಯಾಪ್‌ಟಾಪ್ ಚೀಲ ಹಿಡಿದು ಟ್ರ್ಯಾಕ್ಟರ್ ಹತ್ತಿದರು. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ರಬ್ಬರ್ ದೋಣಿಯಲ್ಲಿ ಹೊರತಂದರು. ಅದೇ ಮಳೆಗೆ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಪಂಪಿಂಗ್ ಕೇಂದ್ರಕ್ಕೂ ನೀರು ನುಗ್ಗಿತು. ಮುಳುಗಿದ ನಗರಕ್ಕೆ ಕುಡಿಯಲು ಕಾವೇರಿ ಬರಲಿಲ್ಲ.

ಆ ವರ್ಷ ನಗರದ ಒಟ್ಟು ಮಳೆ 1,900 ಮಿಲಿಮೀಟರ್ ದಾಟಿತು, ವಾಡಿಕೆಯ ಹತ್ತಿರ ಹತ್ತಿರ ಎರಡರಷ್ಟು. ಮಳೆ ಜಾಸ್ತಿಯಾದದ್ದು ನಿಜ. ಆದರೆ ನೀರು ಹೊಸ ಜಾಗ ಹುಡುಕಿಕೊಂಡು ಹೋಗಲಿಲ್ಲ. ಹಾಲನಾಯಕನಹಳ್ಳಿ ಕೆರೆಯಿಂದ ಜುನ್ನಸಂದ್ರದ ಕಡೆಗೆ, ಅಲ್ಲಿಂದ ಸೌಳ್ ಕೆರೆ, ಬೆಳ್ಳಂದೂರಿನತ್ತ ಇಳಿಯುವ ಹಳೆಯ ಜಾಡನ್ನೇ ಹಿಡಿಯಿತು. ಜಾಡಿನಲ್ಲಿ ಮನೆ, ರಸ್ತೆ, ಕಾಂಪೌಂಡ್ ಗೋಡೆ ಇದ್ದವು. ಆ ಬಡಾವಣೆಗಳಲ್ಲಿ ನಿವೇಶನ ಕೊಂಡವರ ಪೈಕಿ ಎಷ್ಟು ಮಂದಿಗೆ ತಾವು ನೀರಿನ ಜಾಡಿನಲ್ಲಿದ್ದೇವೆ ಎಂದು ತಿಳಿದಿತ್ತು? ತಿಳಿದುಕೊಳ್ಳಬೇಕೆಂದು ಹೊರಟಿದ್ದರೂ ಅವರಿಗೆ ತೋರಿಸಲು ಒಂದು ನಂಬಲರ್ಹ ನಕ್ಷೆ ಎಲ್ಲಿತ್ತು?

ಆ ಪ್ರವಾಹಕ್ಕೆ ಒಂದು ವರ್ಷ ಮೊದಲೇ ಎಚ್ಚರಿಕೆಯ ವರದಿ ಬಂದಿತ್ತು. ಬೆಂಗಳೂರಿನ ಮಳೆನೀರು ನಿರ್ವಹಣೆ ಕುರಿತ ಮಹಾಲೇಖಪಾಲರ ಕಾರ್ಯನಿರ್ವಹಣಾ ವರದಿ 2021ರಲ್ಲಿ ವಿಧಾನಮಂಡಲದ ಮುಂದೆ ಬಂತು. ಲೆಕ್ಕಪರಿಶೋಧಕರೆಂದರೆ ಹಣದ ಲೆಕ್ಕ ನೋಡುವವರು ಎಂದುಕೊಂಡವರು ಆ ವರದಿಯನ್ನು ಓದಬೇಕು. ಅವರು ಹಳೆಯ ನಕ್ಷೆಯ ಕಾಲುವೆಯನ್ನೂ ಈಗಿನ ಕಾಲುವೆಯನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆದಿದ್ದಾರೆ. ಕಾಲುವೆಗಳ ಸಮಗ್ರ ದಾಖಲೆಯೇ ಪಾಲಿಕೆಯಲ್ಲಿ ಇಲ್ಲ ಎಂಬುದು ಅವರು ಎತ್ತಿದ ಮುಖ್ಯ ಆಕ್ಷೇಪಗಳಲ್ಲಿ ಒಂದು.

---
ಅರ್ಧಕ್ಕೆ ಇಳಿದ ಉದ್ದ

ಮಹಾಲೇಖಪಾಲರ ವರದಿಯ ಪ್ರಕಾರ 20ನೇ ಶತಮಾನದ ಆರಂಭದಲ್ಲಿ ವೃಷಭಾವತಿ ಕಣಿವೆಯಲ್ಲಿ ಸುಮಾರು 226 ಕಿ.ಮೀ. ಕಾಲುವೆ ಇತ್ತು, 2016–17ರ ಹೊತ್ತಿಗೆ ಸುಮಾರು 112 ಕಿ.ಮೀ. ಉಳಿದಿತ್ತು. ಕೋರಮಂಗಲ ಕಣಿವೆಯಲ್ಲಿ 113 ಕಿ.ಮೀ. ಇದ್ದದ್ದು 63 ಕಿ.ಮೀ.ಗೆ ಇಳಿದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಅಧ್ಯಯನ ಹೇಳುವಂತೆ, ಒಂದು ಕಾಲಕ್ಕೆ 1,452 ಜಲಮೂಲಗಳಲ್ಲಿ 35 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಈ ನೆಲದಲ್ಲಿ 2016ಕ್ಕೆ ಉಳಿದದ್ದು 194 ಜಲಮೂಲ, 5 ಟಿಎಂಸಿ ಅಡಿ.

---

ಉದ್ದ ಗೊತ್ತು, ಮಟ್ಟ ಗೊತ್ತಿಲ್ಲ

ಪಾಲಿಕೆಯ ಕೈಯಲ್ಲಿ ನಕ್ಷೆಯೇ ಇಲ್ಲ ಎಂದು ಹೇಳಿದರೆ ಅನ್ಯಾಯವಾದೀತು. ಪ್ರಾಥಮಿಕ ಮತ್ತು ದ್ವಿತೀಯ ಹಂತದ ರಾಜಕಾಲುವೆಗಳ ಉದ್ದ 842 ಕಿ.ಮೀ. ಎಂದು ಮೊದಲು ಹೇಳುತ್ತಿದ್ದರು, ಈಚೆಗೆ 860 ಕಿ.ಮೀ. ಎನ್ನುತ್ತಾರೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ನಗರದ ಉದ್ದಗಲಕ್ಕೂ ಇವೆ. ಹಲವು ಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆ ಸೇರಿ ಇದೇ ಉಸ್ತುವಾರಿ ಕೇಂದ್ರ 2020ರಲ್ಲಿ ತಂದ 'ಮೇಘ ಸಂದೇಶ' ಆ್ಯಪ್ ಎಲ್ಲಿ ನೀರು ನಿಲ್ಲಬಹುದು ಎಂದು ಮುನ್ಸೂಚನೆ ಕೊಡುತ್ತದೆ.

ಇವೆಲ್ಲ ಒಳ್ಳೆಯ ಕೆಲಸಗಳೇ. ಕೊರತೆ ಇರುವುದು ಇವುಗಳ ಬುಡದಲ್ಲಿ ಇರಬೇಕಾದ ದಾಖಲೆಯಲ್ಲಿ.

ನೀರು ಉದ್ದ ನೋಡಿ ಹರಿಯುವುದಿಲ್ಲ, ಮಟ್ಟ ನೋಡಿ ಹರಿಯುತ್ತದೆ. ಒಂದು ಲೆಕ್ಕ ಹಾಕೋಣ. ಕಿಲೋಮೀಟರಿಗೆ ಒಂದು ಮೀಟರ್ ಇಳಿಜಾರಿರುವ ಕಾಲುವೆ. ಯಾರೋ ಒಂದು ಕಡೆ ಮೋರಿ ಕಟ್ಟುವಾಗ ತಳದ ಕಾಂಕ್ರೀಟನ್ನು ಒಂದಡಿ ಎತ್ತರಿಸಿಬಿಟ್ಟರು ಎಂದುಕೊಳ್ಳಿ. ಆ ಒಂದಡಿ ದಾಟಲು ನೀರು ಹಿಂದಕ್ಕೆ ಸುಮಾರು 300 ಮೀಟರ್‌ವರೆಗೆ ನಿಲ್ಲಬೇಕಾಗುತ್ತದೆ. ಮುನ್ನೂರು ಮೀಟರ್ ಎಂದರೆ ಎರಡು ಮೂರು ಅಡ್ಡರಸ್ತೆಗಳಾಚೆ. ಅಲ್ಲಿ ಮನೆಯೊಳಗೆ ನೀರು ಬಂದವರಿಗೆ ಕಾರಣ ಕಣ್ಣಿಗೆ ಬೀಳುವುದಿಲ್ಲ. ಅವರ ಮನೆ ಮುಂದಿನ ಚರಂಡಿಯನ್ನು ವರ್ಷಕ್ಕೆರಡು ಸಲ ಬಳಿಸಿದರೂ ನೀರು ಬರುತ್ತಲೇ ಇರುತ್ತದೆ. ಕಾಲುವೆಯ ತಳದ ಮಟ್ಟವನ್ನು ಉದ್ದಕ್ಕೂ ಬರೆದಿಟ್ಟಿದ್ದರೆ ಒಬ್ಬ ಕಿರಿಯ ಎಂಜಿನಿಯರ್ ಕಚೇರಿಯಲ್ಲಿ ಕೂತೇ ಆ ಜಾಗಕ್ಕೆ ಬೆರಳಿಡಬಹುದು.

ಇನ್ನೊಂದು ಲೆಕ್ಕವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಮಾಡುತ್ತಾರೆ. ಗಂಟೆಗೆ 60 ಮಿಲಿಮೀಟರ್ ಬಿರುಸಿನ ಮಳೆ ಒಂದು ಹೆಕ್ಟೇರ್ ಹುಲ್ಲು ನೆಲದ ಮೇಲೆ ಬಿದ್ದರೆ ಸೆಕೆಂಡಿಗೆ ಸುಮಾರು 50 ಲೀಟರ್ ನೀರು ಚರಂಡಿಗೆ ಬರುತ್ತದೆ. ಅದೇ ಹೆಕ್ಟೇರಿಗೆ ಕಾಂಕ್ರೀಟ್, ಟಾರು, ತಾರಸಿ ಮುಚ್ಚಿದರೆ 150 ಲೀಟರ್. ನೆಲದ ಮೇಲಿನ ಹೊದಿಕೆ ಬದಲಾದಂತೆ ಕಾಲುವೆಯ ಮೇಲಿನ ಹೊರೆ ಮೂರು ಪಟ್ಟಾಗುತ್ತದೆ. ಆ ಕಾಲುವೆಗೆ ಎಷ್ಟು ತಾಳುವ ಶಕ್ತಿ ಇದೆ ಎಂದು ತಿಳಿಯಬೇಕಾದರೆ ಅಗಲ, ಆಳ, ಇಳಿಜಾರು, ಗೋಡೆ ಸೈಜುಗಲ್ಲಿನದೋ ಕಾಂಕ್ರೀಟಿನದೋ ಬರಿ ಮಣ್ಣಿನದೋ, ಎಲ್ಲವೂ ಗೊತ್ತಿರಬೇಕು.

ಕಾಲುವೆಯ ಅತಿ ಇಕ್ಕಟ್ಟಾದ ಜಾಗವೇ ಅದರ ನಿಜವಾದ ಅಳತೆ. ಹತ್ತು ಮೀಟರ್ ಅಗಲದ ಕಾಲುವೆ ಒಂದು ಸೇತುವೆಯ ಕೆಳಗೆ ಮೂರು ಮೀಟರಿಗೆ ಕುಗ್ಗಿದರೆ, ಮಳೆಯ ದಿನ ಅದು ಮೂರು ಮೀಟರಿನ ಕಾಲುವೆ. ಹೆಣ್ಣೂರು ಕಡೆಯ ಸಾಯಿ ಲೇಔಟ್ ಮಳೆಗಾಲ ಬಂದಾಗಲೆಲ್ಲ ಮುಳುಗುತ್ತದೆ, 2025ರ ಮೇ ತಿಂಗಳಲ್ಲೂ ಮುಳುಗಿತು. ಅಲ್ಲಿ ಪದೇ ಪದೇ ಕೇಳಿಬರುವ ದೂರು ರೈಲು ಹಳಿಯ ಕೆಳಗಿನ ಕಿರಿದಾದ ಕಂಡಿಯದ್ದು. ಕಾಲುವೆ ಪಾಲಿಕೆಯದು, ಹಳಿ ರೈಲ್ವೆಯದು. ಇಂಥ ಪ್ರತಿ ಮೋರಿ, ಪ್ರತಿ ಕಂಡಿ, ಕಾಲುವೆಗೆ ಅಡ್ಡಲಾಗಿ ಹೋದ ಪ್ರತಿ ನೀರಿನ ಪೈಪು, ಒಳಚರಂಡಿ ಕೊಳವೆ, ಕೇಬಲ್ ಗೊಂಚಲು ಪಟ್ಟಿಗೆ ಬರಬೇಕು. ತೇಲಿ ಬಂದ ಹಾಸಿಗೆ, ಥರ್ಮಾಕೋಲ್, ಪ್ಲಾಸ್ಟಿಕ್ ಸಿಕ್ಕಿ ಅಣೆಕಟ್ಟಿನಂತಾಗುವುದು ಈ ಅಡ್ಡ ಪೈಪುಗಳಲ್ಲೇ.

ಪಟ್ಟಿ ರಾಜಕಾಲುವೆಗೇ ನಿಂತರೂ ಸಾಲದು. ಮಳೆನೀರು ಮೊದಲು ಇಳಿಯುವುದು ರಸ್ತೆ ಬದಿಯ ಚರಂಡಿಗೆ. ಅದಕ್ಕೂ ಮೊದಲು ಫುಟ್‌ಪಾತ್ ಕಲ್ಲಿನ ಕೆಳಗಿರುವ ಅಂಗೈ ಅಗಲದ ಕಂಡಿಗೆ. ರಸ್ತೆಗೆ ಪದರದ ಮೇಲೆ ಪದರ ಟಾರು ಬಿದ್ದು ಆ ಕಂಡಿಗಳು ಮುಚ್ಚಿಹೋದರೆ, ಕಾಲುವೆ ಖಾಲಿ ಇದ್ದು ರಸ್ತೆ ತುಂಬುತ್ತದೆ. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ನಿಂತ ನೀರಿಗೆ ಕಾರು ಸಿಲುಕಿ ಒಬ್ಬ ಯುವತಿ ಪ್ರಾಣ ಕಳೆದುಕೊಂಡರು. ಅಲ್ಲಿಂದ ಕೂಗಳತೆಯಲ್ಲಿ ವಿಧಾನಸೌಧ. ಕೆಳಸೇತುವೆ ಎಂದರೆ ಸುತ್ತಲಿನ ನೀರನ್ನೆಲ್ಲ ಕರೆಯುವ ತಗ್ಗು. ನಗರದ ಪ್ರತಿ ಕೆಳಸೇತುವೆಗೂ ನೀರು ಎಲ್ಲಿಂದ ಬರುತ್ತದೆ, ಯಾವ ಕಂಡಿಯಲ್ಲಿ ಇಳಿದು ಯಾವ ಕಾಲುವೆಗೆ ಹೋಗುತ್ತದೆ ಎಂಬುದು ಮಳೆಗೆ ಮೊದಲೇ ಬರಹದಲ್ಲಿರಬೇಕು.

ಚಪ್ಪಡಿ ಎತ್ತಿ ನೋಡುವ ಕೆಲಸ

ಈಗ ಡ್ರೋನ್ ಇದೆ, ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರಿಳಿತ ಅಳೆಯುವ ಲೈಡಾರ್ ಇದೆ. ಇದರಿಂದ ಇಡೀ ಕಣಿವೆಯ ಇಳಿಜಾರು ಕೆಲವೇ ದಿನಗಳಲ್ಲಿ ಸಿಗುತ್ತದೆ. ಆದರೆ ಆಕಾಶದಿಂದ ಚಪ್ಪಡಿಯ ಕೆಳಗಿನದು ಕಾಣುವುದಿಲ್ಲ. ಕೊಳಚೆ ತುಂಬಿದ ಕಾಲುವೆಯಲ್ಲಿ ಲೇಸರ್ ನೀರಿನ ಮೇಲ್ಮೈಯನ್ನು ತೋರಿಸುತ್ತದೆ, ತಳವನ್ನಲ್ಲ. ಹೂಳು ಎಷ್ಟಿದೆ ಎಂದು ಅಳತೆ ಕೋಲು ಇಳಿಸಿಯೇ ನೋಡಬೇಕು.

ಹಾಗಾಗಿ ಕೆಲಸದ ಬಹುಪಾಲು ನೆಲದ ಮೇಲೆಯೇ ನಡೆಯುತ್ತದೆ. ಒಬ್ಬರು ಟೋಟಲ್ ಸ್ಟೇಷನ್ ಎಂಬ ಅಳತೆ ಯಂತ್ರ ನಿಲ್ಲಿಸುತ್ತಾರೆ, ಇನ್ನೊಬ್ಬರು ಕೋಲು ಹಿಡಿದು ಕಾಲುವೆಯ ಅಂಚಿನಲ್ಲಿ ಹೆಜ್ಜೆ ಹಾಕುತ್ತಾರೆ. ಇಷ್ಟಿಷ್ಟು ದೂರಕ್ಕೊಂದು ಅಡ್ಡ ಕೊಯ್ತದ ಅಳತೆ. ಮೋರಿ ಬಂದಲ್ಲಿ ಅದರ ಕಣ್ಣುಗಳೆಷ್ಟು, ಅಗಲವೆಷ್ಟು. ಗೋಡೆಯಲ್ಲಿ ತೂತು ಕಂಡರೆ ಅದು ಮಳೆನೀರಿನದೋ ಯಾವುದೋ ಕಟ್ಟಡದ ಶೌಚದ್ದೋ. ಪ್ರತಿಯೊಂದಕ್ಕೂ ದಿನಾಂಕವಿರುವ ಫೋಟೊ. ಮನೆಗಳ ಹಿತ್ತಿಲು, ಕಾರ್ಖಾನೆಯ ಕಾಂಪೌಂಡು, ಬೀಗ ಹಾಕಿದ ಬಡಾವಣೆಯ ಗೇಟು ಎಲ್ಲವನ್ನೂ ದಾಟಬೇಕು. ಒಳಗೆ ಬಿಡಲು ಒಪ್ಪದವರ ಹಿಂದೆಯೇ ಬಹಳ ಸಲ ಕಾಲುವೆ ಕಾಣೆಯಾಗಿರುತ್ತದೆ.

ಮುಚ್ಚಿದ ಕಾಲುವೆಗಳದ್ದು ಬೇರೆಯೇ ಕಷ್ಟ. ಒಳಗೆ ಕೊಳಚೆಯಿಂದ ಹುಟ್ಟಿದ ವಿಷಾನಿಲ ತುಂಬಿರುತ್ತದೆ. ಅಲ್ಲಿಗೆ ಮನುಷ್ಯರನ್ನು ಇಳಿಸುವುದು ಕೂಡದು. ಚಕ್ರದ ಮೇಲೆ ಉರುಳುವ ಕ್ಯಾಮೆರಾ ಯಂತ್ರಗಳಿವೆ, ಅವನ್ನೇ ಬಳಸಬೇಕು. ಸಮೀಕ್ಷೆಯ ಟೆಂಡರ್ ಬರೆಯುವವರು ಈ ಷರತ್ತನ್ನು ಮೊದಲ ಪುಟದಲ್ಲೇ ಬರೆಯಲಿ. ನಕ್ಷೆ ಮಾಡಲು ಹೋಗಿ ಯಾವ ಕಾರ್ಮಿಕನ ಜೀವವೂ ಹೋಗಬಾರದು.

ಹೀಗೆ ಸಿಕ್ಕ ಅಳತೆಯನ್ನು ಗ್ರಾಮ ನಕ್ಷೆಯ ಮೇಲೆ ಕೂರಿಸಿ ನೋಡುವಾಗ ನಿಜವಾದ ತಕರಾರು ಏಳುತ್ತದೆ. ನಕ್ಷೆಯಲ್ಲಿ ಕಾಲುವೆ ಇದೆ, ನೆಲದಲ್ಲಿ ಇಲ್ಲ. ನೆಲದಲ್ಲಿ ಇದೆ, ನಕ್ಷೆಯಲ್ಲಿ ಇಲ್ಲ. ಎರಡರಲ್ಲೂ ಇದೆ, ಆದರೆ ಇಪ್ಪತ್ತು ಮೀಟರ್ ಆಚೆಗೆ. ಈ ಮೂರೂ ಪ್ರಶ್ನೆಗಳನ್ನು ಕಂದಾಯ ಇಲಾಖೆಯ ಭೂಮಾಪಕರು ಮತ್ತು ಪಾಲಿಕೆಯ ಎಂಜಿನಿಯರುಗಳು ಒಟ್ಟಿಗೆ ನಿಂತು, ಜಾಗದ ಮಾಲೀಕರ ಎದುರೇ ಬಗೆಹರಿಸಬೇಕು. ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುವ 'ದಿಶಾಂಕ್' ಆ್ಯಪ್ ರಾಜ್ಯ ಸರ್ಕಾರದ್ದೇ. ಬಗೆಹರಿದ ಕಾಲುವೆಯ ಗೆರೆ ಅದರ ಮೇಲೆ ಕಂಡರೆ ನಿವೇಶನ ಕೊಳ್ಳುವವರು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಬಹುದು.

---
ಯಾರ ಲೆಕ್ಕ, ಎಷ್ಟು ಮೀಟರ್?

ಕಾಲುವೆಯ ಪಕ್ಕ ಎಷ್ಟು ಜಾಗ ಬಿಡಬೇಕು? 2015ರ ಪರಿಷ್ಕೃತ ಮಹಾಯೋಜನೆ ಪ್ರಾಥಮಿಕ, ದ್ವಿತೀಯ, ತೃತೀಯ ಕಾಲುವೆಗಳಿಗೆ ಕ್ರಮವಾಗಿ 50, 25, 15 ಮೀಟರ್ ಎಂದಿತು, ಕಾಲುವೆಯ ಮಧ್ಯದಿಂದ ಅಳೆದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಅದನ್ನು 50, 35, 25 ಮೀಟರಿಗೆ ಏರಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಮೀಟರ್ ಎಷ್ಟೇ ಇರಲಿ, ನಿಮ್ಮ ಪಕ್ಕದ ಕಾಲುವೆ ಯಾವ ದರ್ಜೆಯದು, ಅದರ ಮಧ್ಯ ಎಲ್ಲಿದೆ ಎಂದು ಪಟ್ಟಿ ಹೇಳದಿದ್ದರೆ ಅಳತೆ ಶುರು ಮಾಡುವುದೇ ಆಗುವುದಿಲ್ಲ.

---

ಕಣಿವೆಗೆ ವಾರ್ಡ್ ಗಡಿ ಇಲ್ಲ

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ನಗರ ಪ್ರವಾಹದ ಬಗ್ಗೆ 2010ರಲ್ಲೇ ಮಾರ್ಗಸೂಚಿ ಹೊರಡಿಸಿತು. ಇರುವ ಮಳೆನೀರು ವ್ಯವಸ್ಥೆಯ ಪಟ್ಟಿಯನ್ನು ಜಲಾನಯನವಾರು ಮತ್ತು ವಾರ್ಡ್‌ವಾರು ತಯಾರಿಸಬೇಕು, ಯೋಜನೆಗೆ ಜಲಾನಯನವೇ ಆಧಾರವಾಗಬೇಕು, ಪ್ರತಿ ವರ್ಷ ಮಾರ್ಚ್ 31ರೊಳಗೆ ಮುಖ್ಯ ಕಾಲುವೆಗಳ ಹೂಳು ತೆಗೆದು ಮುಗಿದಿರಬೇಕು ಎಂದು ಅದರಲ್ಲಿ ಇದೆ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ ಮಳೆನೀರು ವ್ಯವಸ್ಥೆಯ ಕೈಪಿಡಿ 2019ರಲ್ಲಿ ಬಂತು. ಏನು ಮಾಡಬೇಕು ಎಂಬ ಬಗ್ಗೆ ಅನುಮಾನಕ್ಕೆ ಎಡೆಯೇ ಇಲ್ಲ.

ತಡ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಮುಂಬೈ ಇದೆ. 1985ರ ಪ್ರವಾಹದ ನಂತರ ಅಲ್ಲಿನ ಮಳೆನೀರು ಜಾಲದ ಅಧ್ಯಯನ ನಡೆದು 1993ರಲ್ಲಿ 'ಬ್ರಿಮ್‌ಸ್ಟೋವಾಡ್' ವರದಿ ತಯಾರಾಯಿತು. ಗಂಟೆಗೆ 25 ಮಿಲಿಮೀಟರ್ ಮಳೆಗೆಂದು ಕಟ್ಟಿದ ಜಾಲವನ್ನು 50 ಮಿಲಿಮೀಟರಿಗೆ ಹಿಗ್ಗಿಸಬೇಕು ಎಂದಿತು. ವರದಿಯ ಬಹುಭಾಗ ಕಪಾಟಿನಲ್ಲಿರುವಾಗಲೇ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಅಷ್ಟು ಮಳೆಯನ್ನು ಯಾವ ಜಾಲವೂ ಪೂರ್ತಿ ತಾಳುತ್ತಿರಲಿಲ್ಲ, ನಿಜ. ಆದರೆ ಹನ್ನೆರಡು ವರ್ಷದಲ್ಲಿ ಆಗಬಹುದಾಗಿದ್ದ ಕೆಲಸ ಆಗಿದ್ದರೆ ನೀರು ಇಳಿಯಲು ಅಷ್ಟು ಹೊತ್ತು ಬೇಕಾಗುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಕಾಲುವೆ ಪಾಲಿಕೆಯದು. ಅದರೊಳಗೆ ಹರಿಯುವ ಕೊಳಚೆಯ ಹೊಣೆ ಜಲಮಂಡಳಿಯದು. ಮೀಸಲು ಜಾಗದ ಗೆರೆ ಎಳೆದದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ಸರ್ವೆ ಕಂದಾಯ ಇಲಾಖೆಯದು. ಮೇಲಿನ ಸೇತುವೆ ರೈಲ್ವೆಯದ್ದೋ ಹೆದ್ದಾರಿಯದ್ದೋ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದಿವೆ. ಮೇಲಿನ ಪಾಲಿಕೆ ಕಾಲುವೆ ಅಗಲ ಮಾಡಿ ನೀರನ್ನು ಬೇಗ ಬಿಟ್ಟರೆ ಕೆಳಗಿನ ಪಾಲಿಕೆ ಮುಳುಗುತ್ತದೆ. ಕಣಿವೆಗೊಂದೇ ಪಟ್ಟಿ, ಎಲ್ಲ ಇಲಾಖೆಗಳೂ ಅದನ್ನೇ ಒಪ್ಪುವ ವ್ಯವಸ್ಥೆ ಈಗ ಹಿಂದಿಗಿಂತ ಹೆಚ್ಚು ಅಗತ್ಯ.

ಕಾಂಕ್ರೀಟ್ ಗೋಡೆಗೆ ಕೋಟಿಗಟ್ಟಲೆ ಹಣ ಪ್ರತಿ ಬಜೆಟ್ಟಿನಲ್ಲೂ ಸಿಗುತ್ತದೆ. ಗೋಡೆಗೆ ಶಂಕುಸ್ಥಾಪನೆ ಇದೆ, ಫಲಕ ಇದೆ. ಅಳತೆ ಪುಸ್ತಕಕ್ಕೆ ಅವೆರಡೂ ಇಲ್ಲ. ಆದರೂ ಹೇಳುತ್ತೇನೆ: ತಳದ ಮಟ್ಟ ಗೊತ್ತಿಲ್ಲದ ಕಾಲುವೆಗೆ ಗೋಡೆ ಕಟ್ಟುವುದು ಸಾರ್ವಜನಿಕ ಹಣದ ಪೋಲು. ಎಷ್ಟೋ ಕಡೆ ಅದು ನೀರನ್ನು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ದೂಡಿದೆ ಅಷ್ಟೇ. ದೂಡಿದ ನೀರು ಹೋಗಿ ನಿಲ್ಲುವುದು ತಗ್ಗಿನಲ್ಲಿ, ಮತ್ತು ತಗ್ಗಿನಲ್ಲಿ ಬಾಡಿಗೆ ಕಡಿಮೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು, ಮನೆಗೆಲಸದವರು, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರು ಅಲ್ಲಿರುತ್ತಾರೆ. ತೆರವಿನ ಜೆಸಿಬಿ ಮೊದಲು ತಲುಪುವುದೂ ಅವರ ಬೀದಿಗೇ. ದೊಡ್ಡವರ ಕಾಂಪೌಂಡಿನೊಳಗಿನ ಕಾಲುವೆಗೆ ತಡೆಯಾಜ್ಞೆ ಬರುತ್ತದೆ. ಎಲ್ಲರಿಗೂ ಕಾಣುವಂತೆ ಪಟ್ಟಿ ಪ್ರಕಟವಾದರೆ ಈ ಭೇದಕ್ಕೆ ಅಡಗಲು ಜಾಗ ಕಡಿಮೆಯಾಗುತ್ತದೆ.

ಎರಡು ಕೋಟಿ ಪಹಣಿ ಮಾಡಿದ ರಾಜ್ಯ

ಇದು ಆಗದ ಕೆಲಸವೇನಲ್ಲ. ಇದೇ ಕರ್ನಾಟಕ 'ಭೂಮಿ' ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿಸಿತು. ಇಡೀ ದೇಶ ಬಂದು ನೋಡಿ ಹೋಯಿತು. ಹಳ್ಳಿಯ ರೈತನ ಅರ್ಧ ಎಕರೆಗೂ ಪಹಣಿ ಇದೆ: ಯಾರದು, ಎಷ್ಟು ವಿಸ್ತೀರ್ಣ, ಏನು ಬೆಳೆ, ಋಣ ಎಷ್ಟು. ಸರ್ಕಾರದ್ದೇ ಸ್ವತ್ತಾದ ರಾಜಕಾಲುವೆಗೆ ಅಂಥ ಒಂದು ಹಾಳೆ ಇಲ್ಲ.

ಪ್ರತಿ ಕಾಲುವೆಯನ್ನು ಒಂದು ಸೇತುವೆಯಿಂದ ಇನ್ನೊಂದು ಸೇತುವೆಯವರೆಗಿನ ತುಂಡುಗಳಾಗಿ ಮಾಡಿ. ಪ್ರತಿ ತುಂಡಿಗೆ ಒಂದು ಸಂಖ್ಯೆ, ಒಂದು ಹಾಳೆ. ಸರ್ವೆ ನಂಬರು, ದಾಖಲೆಯ ಅಗಲ, ಇಂದಿನ ಅಗಲ, ಆಳ, ತಳದ ಮಟ್ಟ, ಮೋರಿಗಳು, ಅಡ್ಡ ಪೈಪುಗಳು, ಕೊಳಚೆ ಸೇರುವ ಜಾಗ, ಕೊನೆಯ ಸಲ ಹೂಳು ತೆಗೆದ ದಿನ, ಹೊಣೆ ಹೊತ್ತ ಎಂಜಿನಿಯರ್ ಹುದ್ದೆ. ಹೂಳು ತೆಗೆದ ಬಿಲ್ ಪಾವತಿಯಾಗಬೇಕಾದರೆ ಹಾಳೆಯಲ್ಲಿ ಮುಂಚಿನ ಮಟ್ಟ ಮತ್ತು ನಂತರದ ಮಟ್ಟ ಎರಡೂ ದಾಖಲಾಗಿರಬೇಕು. ಯಾರೇ ರಸ್ತೆ ಅಗೆದು ಪೈಪು ಹಾಕಿದರೂ ಅದು ಅದೇ ವಾರ ಹಾಳೆಗೆ ಸೇರಬೇಕು. ಒಮ್ಮೆ ಮಾಡಿ ಬೀರುವಿನಲ್ಲಿಟ್ಟ ಸಮೀಕ್ಷೆಗೆ ಒಂದು ಮಳೆಗಾಲ ದಾಟುವ ಶಕ್ತಿಯೂ ಇರುವುದಿಲ್ಲ.

ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಪ್ರಕಟವಾಗುವವರೆಗೆ ನಾವು ಕೇಳಬೇಕು. ನಿಮ್ಮ ಮನೆಗೆ ಹತ್ತಿರದ ರಾಜಕಾಲುವೆ ಯಾವುದೆಂದು ಹುಡುಕಿ. ಅದರ ಸಂಖ್ಯೆ ಏನು, ಗ್ರಾಮ ನಕ್ಷೆಯಲ್ಲಿ ಅದರ ಅಗಲ ಎಷ್ಟು, ಈಗ ಎಷ್ಟು, ಹೂಳು ಕೊನೆಗೆ ತೆಗೆದದ್ದು ಯಾವಾಗ ಎಂಬ ನಾಲ್ಕು ಪ್ರಶ್ನೆಗಳನ್ನು ಬರೆದು ನಿಮ್ಮ ಪಾಲಿಕೆಯ ಮಳೆನೀರು ಕಾಲುವೆ ವಿಭಾಗಕ್ಕೆ ಅರ್ಜಿ ಹಾಕಿ. ಬಡಾವಣೆಯ ಸಂಘವಿದ್ದರೆ ಸಂಘದಿಂದಲೂ ಹಾಕಿಸಿ. ಉತ್ತರಕ್ಕೆ ಕಾನೂನು ಕೊಟ್ಟಿರುವ ಗಡುವು 30 ದಿನ. ಮಳೆ ಹಿಡಿದುಕೊಳ್ಳುವ ಮೊದಲು, ಈ ವಾರವೇ ಕಳಿಸಿ.